ಅಡಿಗೆಮನೆ ಬಾಗಿಲಿನ ಏಳು ಗೆರೆ

"ಅದೊಂದನ್ನ ಒರೆಸಬೇಡಿ ಅಣ್ಣ. ಬೇರೆ ಏನು ಬೇಕಾದ್ರೂ ಮಾಡ್ಕೊಳ್ಳಿ" ಎಂದಳು ಮನೆ ಗುಡಿಸುವ ಹೆಂಗಸು. ಅಷ್ಟು ಹೇಳಿ ಬಕೆಟ್ಟನ್ನು ಎಡಗೈಯಿಂದ ಬಲಗೈಗೆ ಬದಲಿಸಿಕೊಂಡು ಅಲ್ಲೇ ನಿಂತಳು, ಮನೆಯ ಫೋಟೋ ಹಿಡಿಯಲು ಬಂದವನು ಒಪ್ಪಿದ ಮೇಲೆಯೇ ಹೋಗುವುದು ಎಂಬಂತೆ.

ಅಡಿಗೆಮನೆಯ ಬಾಗಿಲ ಚೌಕಟ್ಟಿನ ಮೇಲೆ ಏಳು ಗೆರೆಗಳಿದ್ದವು. ತೊಡೆಯೆತ್ತರದಲ್ಲಿ ಒಂದು, ಅದರ ಮೇಲೆ ನಾಲ್ಕೈದು ಬೆರಳು ಬಿಟ್ಟು ಇನ್ನೊಂದು. ಮಗುವನ್ನು ನೆಟ್ಟಗೆ ನಿಲ್ಲಿಸಿ, ನೆತ್ತಿಯ ಮೇಲೆ ಪುಸ್ತಕವಿಟ್ಟು, ವರ್ಷಕ್ಕೊಂದರಂತೆ ಎಳೆದವು. ಆರು ಪೆನ್ಸಿಲಿನವು. ಏಳನೆಯದು ಕಂದು ಬಣ್ಣದ್ದು, ಒಣಗಿ ಹುರುಪೆ ಎದ್ದದ್ದು. ಅದರೊಳಗೆ ಉದ್ದಕ್ಕೂ ಒಂದೆಳೆ ಕೂದಲು ಅಂಟಿಕೊಂಡಿತ್ತು.

ಹೆಂಗಸು ತಗ್ಗಿದ ದನಿಯಲ್ಲಿ ಕತೆ ಹೇಳಿದಳು. ಈ ಮನೆಯಲ್ಲಿ ಮೊದಲು ಬಟ್ಟೆ ಹೊಲಿಯುವವಳೊಬ್ಬಳು ಮಗಳೊಂದಿಗೆ ಬಾಡಿಗೆಗಿದ್ದಳು. ಮನೆಯ ಯಜಮಾನನಿಗೆ ಇದನ್ನು ದಿನದ ಲೆಕ್ಕದಲ್ಲಿ ಪ್ರವಾಸಿಗರಿಗೆ ಕೊಡುವ ಆಸೆ ಹುಟ್ಟಿತು. ಮಗುವಿಗೆ ಜ್ವರ, ಒಂದು ತಿಂಗಳು ತಾಳಿ ಎಂದು ಅವಳು ಬೇಡಿಕೊಂಡಳು. ಯಜಮಾನ ನೀರಿನ ಕೊಳವೆ ಮುಚ್ಚಿಸಿದ, ಕರೆಂಟು ಕೀಳಿಸಿದ. ಒಂಬತ್ತನೆಯ ದಿನ ಮಗು ಹೋಯಿತು. ತಾಯಿ ಅಳಲಿಲ್ಲವಂತೆ. ಹೆಣವನ್ನೇ ಎತ್ತಿ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿ, ಸೂಜಿಯಿಂದ ಬೆರಳು ಚುಚ್ಚಿಕೊಂಡು ಕೊನೆಯ ಗೆರೆ ಎಳೆದಳು. ಮಗಳ ಕೂದಲೊಂದನ್ನು ಅದಕ್ಕೆ ಮೆತ್ತಿದಳು. ಇದ್ದ ನನ್ನ ಮಗಳನ್ನು ಇಲ್ಲವೆನ್ನಿಸಿದವರ ಮಗು ಹಿಂದಕ್ಕೆ ಬೆಳೆಯಲಿ ಎಂದಳು. ಆಮೇಲೆ ಹೊಲಿಗೆ ಮಿಷನ್ನು ಹೊತ್ತು ಹೊರಟುಹೋದಳು.

ಫೋಟೋದವನು ನಕ್ಕ. "ನಾನು ಮುಟ್ಟೋದೇ ಇಲ್ಲಮ್ಮ, ಹೆದರಬೇಡಿ. ಮನೆಗೆ ಹೋಗಿ ಕಂಪ್ಯೂಟರಲ್ಲಿ ಒರೆಸ್ತೀನಿ. ಅಲ್ಲೀವರೆಗೂ ಬರೋಕೆ ನಿಮ್ಮ ಮಾಟಕ್ಕೆ ಇಂಟರ್ನೆಟ್ ಕನೆಕ್ಷನ್ ಇದೆಯಾ?"

ಅವಳು ನಗಲಿಲ್ಲ. ಬಕೆಟ್ಟು ಎತ್ತಿಕೊಂಡು ಹೊರಗೆ ಹೋದಳು.

ಕೆಲಸದಲ್ಲಿ ಅವನು ಗಟ್ಟಿಗ. ಕುರ್ಚಿಯನ್ನು ಒಂದು ಗೇಣು ಸರಿಸಿದರೆ ಕೋಣೆ ಎಷ್ಟು ಹಿಗ್ಗುತ್ತದೆಂದು ಬಲ್ಲವನು. ದಿಂಬುಗಳನ್ನು ತಟ್ಟಿ ಉಬ್ಬಿಸಿದ. ಕಸದಬುಟ್ಟಿ, ಚಪ್ಪಲಿ, ವಯರುಗಳನ್ನು ಕಣ್ಮರೆ ಮಾಡಿದ. ಯಜಮಾನನ ಐದು ವರ್ಷದ ಮೊಮ್ಮಗಳು ಅಂದು ತಾತನ ಜೊತೆ ಬಂದು ಹಾಸಿಗೆಯ ಮೇಲೆ ಕುಣಿಯುತ್ತಿದ್ದಳು; ಅವಳನ್ನು ಕಿಟಕಿಯ ಬಳಿ ಕೂರಿಸಿ ಕೈಗೊಂದು ಪುಸ್ತಕ ಕೊಟ್ಟು ಅದನ್ನೂ ಹಿಡಿದ. ಯಜಮಾನನಿಗೆ ಸಂತೋಷವೋ ಸಂತೋಷ. ಬಂದವರು ಒಂದೇ ದಿನಕ್ಕೆ ಜಾಗ ಖಾಲಿ ಮಾಡ್ತಾರೆ, ನಿಮ್ಮ ಫೋಟೋನೇ ಮನೆಗೆ ಕಳೆ ತರಬೇಕು ಎಂದ. ಗೆರೆಗಳ ಮಾತು ಅವನು ಎತ್ತಲಿಲ್ಲ. ಅಡಿಗೆಮನೆಯ ಕಡೆ ಅವನು ಸುಳಿದವನೇ ಅಲ್ಲ.

ಒಂದೊಂದು ಕೋಣೆಗೂ ಮೂರು ಚಿತ್ರ ಹಿಡಿಯುವುದು ಈ ಕಸುಬಿನ ರೂಢಿ: ಕತ್ತಲೆಯದೊಂದು, ಹದವಾದದ್ದೊಂದು, ಬೆಳಕು ಹೆಚ್ಚಿದ್ದೊಂದು. ಮೂರನ್ನೂ ಬೆರೆಸಿದರೆ ಗೋಡೆಗಳು ಲಕಲಕ ಅನ್ನುತ್ತವೆ. ಸಂಜೆ ಮನೆಯಲ್ಲಿ ಅಡಿಗೆಮನೆಯ ಚಿತ್ರಗಳನ್ನು ತೆರೆದಾಗ ಕತ್ತಲೆಯ ಚಿತ್ರದಲ್ಲಿ ಒಲೆಯಿಲ್ಲ, ಕಪಾಟಿಲ್ಲ, ಬಾಗಿಲಿಲ್ಲ. ಬರೀ ಕಪ್ಪು. ಆ ಕಪ್ಪಿನಲ್ಲಿ ಏಳನೆಯ ಗೆರೆಯೊಂದೇ ಹಸಿಯಾಗಿ ಹೊಳೆಯುತ್ತಿತ್ತು.

ಲೆನ್ಸಿನ ಚೇಷ್ಟೆ ಎಂದುಕೊಂಡ. ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಏಳನ್ನೂ ಅಳಿಸಿದ. ಕೊನೆಯದು ಮಾಯವಾದಾಗ ಕೂದಲು ಸುಟ್ಟ ಕಮಟು ವಾಸನೆ ಮೂಗಿಗೆ ಬಡಿಯಿತು. ಚಾರ್ಜರ್ ಮುಟ್ಟಿ ನೋಡಿದ. ತಣ್ಣಗಿತ್ತು. ಚಿತ್ರಗಳನ್ನು ಯಜಮಾನನಿಗೆ ಕಳಿಸಿಬಿಟ್ಟ.

ಅವನಿಗೂ ಒಬ್ಬಳೇ ಮಗಳು, ಏಳು ತುಂಬಿದವಳು. ಹಿಂದಿನ ದಿನವಷ್ಟೇ ಅವಳ ಮುಂದಿನ ಹಲ್ಲು ಬಿದ್ದಿತ್ತು. ಬೆಳಿಗ್ಗೆ ಹಲ್ಲುಜ್ಜಿಸುತ್ತಿದ್ದ ಹೆಂಡತಿ ಕೂಗಿ ಕರೆದಳು. ಖಾಲಿಯಿದ್ದ ಜಾಗದಲ್ಲಿ ಹಾಲುಹಲ್ಲು ಗಟ್ಟಿಯಾಗಿ ಕೂತಿತ್ತು.

ಮರುದಿನ ಮಗಳ ಬೂಟು ಕಾಲಿನಿಂದ ಜಾರಿತು. ಓದುಪುಸ್ತಕವನ್ನು ತಲೆಕೆಳಗಾಗಿ ಹಿಡಿದು, ಅಕ್ಷರ ಓಡಿಹೋಗ್ತಿವೆ ಅಪ್ಪ ಎಂದಳು. ಅದೇ ಹೊತ್ತಿಗೆ ಯಜಮಾನನ ಫೋನು: ಎರಡು ತಿಂಗಳವರೆಗೆ ಮನೆ ಪೂರ್ತಿ ಬುಕ್ಕಾಗಿದೆಯಂತೆ, ನಿಮ್ಮ ಕೈಗೆ ಚಿನ್ನದ ಬಳೆ ತೊಡಿಸಬೇಕಂತೆ. ಮೂರನೆಯ ದಿನ ಡಾಕ್ಟರು ಮಗುವನ್ನು ಎರಡು ಸಲ ತೂಗಿ, ಎರಡು ಸಲ ಅಳೆದು, ಹಳೆಯ ಚೀಟಿಯನ್ನೂ ಮಗುವನ್ನೂ ಬದಲಿಸಿ ಬದಲಿಸಿ ನೋಡಿದರು. ಇದು ನಾಲ್ಕು ವರ್ಷದ ಮಗುವಲ್ಲವೇ ಎಂದರು.

ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅವನು ಮನೆ ಗುಡಿಸುವವಳಿಗೆ ಫೋನು ಮಾಡಿದ.

"ಎಷ್ಟು ಗೆರೆ ಒರೆಸಿದ್ರಿ?"

"ಏಳೂ."

"ಎಷ್ಟು ದಿನ ಆಯ್ತು?"

"ಮೂರು."

ಅವಳು ಉಸಿರೆಳೆದುಕೊಂಡದ್ದು ಕೇಳಿಸಿತು. "ಇನ್ನು ನಾಲ್ಕು ಉಳಿದಿದೆ ಅಣ್ಣ" ಎಂದು ಹೊಲಿಯುವವಳ ವಿಳಾಸ ಕೊಟ್ಟಳು.

ಆ ಕೋಣೆಗೆ ಕಿಟಕಿಯಿರಲಿಲ್ಲ. ನಡುಹಗಲಲ್ಲೂ ಮಿಷನ್ನಿನ ಪುಟ್ಟ ದೀಪವೊಂದೇ ಬೆಳಕು. ಮಿಷನ್ ಎಣ್ಣೆ ಮತ್ತು ಒದ್ದೆ ಹತ್ತಿಯ ವಾಸನೆ. ಅವಳು ತಲೆಯೆತ್ತದೆ ಎಲ್ಲವನ್ನೂ ಕೇಳಿಸಿಕೊಂಡಳು. ಚಕ್ರ ತಿರುಗುತ್ತಲೇ ಇತ್ತು, ಟಕಟಕ, ಟಕಟಕ. ಗೆರೆ ಮತ್ತೆ ಬರೆಯುತ್ತೇನೆ, ಕಾಲಿಗೆ ಬೀಳುತ್ತೇನೆ ಎಂದ. ಬರೆದರೆ ನನ್ನ ಮಗಳು ಬರುತ್ತಾಳಾ ಎಂದು ಕೇಳಿದಳು, ಬಹಳ ಮೆತ್ತಗೆ.

ಚಕ್ರ ನಿಂತಿತು. ಅವಳು ಮೊದಲ ಸಲ ಅವನ ಮುಖ ನೋಡಿದಳು.

"ಒರೆಸು ಅಂತ ಯಾರು ಹೇಳಿದ್ದು? ಆ ಯಜಮಾನನೇನಾ?"

ಭಗವಂತ ಎಂಥವನಿಗೂ ಒಂದು ಗಳಿಗೆಯ ಬಿಡುವು ಕೊಡುತ್ತಾನೆ. ಆ ಗಳಿಗೆ ಅಲ್ಲಿ, ದೀಪದ ಸುತ್ತ ಹಾರುವ ದೂಳಿನಂತೆ ತೇಲುತ್ತಿತ್ತು. ಯಾರೂ ಹೇಳಲಿಲ್ಲ ತಾಯಿ, ಅದು ನನ್ನ ಕೈಯ ಚಾಳಿ, ಎನ್ನಬಹುದಿತ್ತು. ಫೋಟೋದವನಿಗೆ ತನ್ನ ಮಗಳ ಜಾರುವ ಬೂಟು ಕಣ್ಣಿಗೆ ಬಂತು.

"ಹೌದಕ್ಕ" ಎಂದ. "ಅವರೇ ಒರೆಸೋಕೆ ಹೇಳಿದ್ದು."

ಅವಳ ತುಟಿಯಂಚಿನಲ್ಲಿ ಏನೋ ಅಲುಗಿತು. ವರ್ಷಗಟ್ಟಲೆ ಹಸಿದವಳ ಮುಂದೆ ಎಲೆ ಹಾಕಿದಂತಾಯಿತು. "ಅವನ ಮನೇಲಿ ಮಗು ಇದೆಯಾ?"

"ಮೊಮ್ಮಗಳು."

"ಎಷ್ಟೆತ್ತರ?"

ಕಿಟಕಿಯ ಬಳಿ ಪುಸ್ತಕ ಹಿಡಿದು ಕೂತವಳು ನೆನಪಾದಳು. ಅವನ ಕೈ ನೆಲದಿಂದ ಮೇಲೇರಿ, ಸೊಂಟದ ಹತ್ತಿರ ಬಂದು ನಿಂತಿತು. ಹೊಲಿಯುವವಳು ಕೊರಳಿನ ಟೇಪು ತೆಗೆದು, ನೆಲದಿಂದ ಅವನ ಅಂಗೈಯವರೆಗೆ ಅಳೆದಳು. ಅಷ್ಟೇ ಉದ್ದದ ಕಪ್ಪು ದಾರ ಬಿಡಿಸಿ, ಒಂದೊಂದು ಗಂಟಿಗೂ ಮಗಳ ಹೆಸರು ಪಿಸುಗುಟ್ಟುತ್ತಾ ಏಳು ಗಂಟು ಹಾಕಿ, ಕತ್ತರಿಯಿಂದ ಕಚಕ್ಕನೆ ಕತ್ತರಿಸಿದಳು.

"ಹೋಗು. ನಿನ್ನ ಮಗಳು ನಿನಗೆ ಸಿಗ್ತಾಳೆ. ಒಂದು ಮಾತು ನೆನಪಿಟ್ಕೊ. ಇದ್ದದ್ದನ್ನ ಇಲ್ಲ ಮಾಡೋದು ಬರೀ ಕೈಯಿಂದ ಅಲ್ಲ, ಬಾಯಿಂದಲೂ. ಎರಡನೇ ಸಲ ಅದು ದಿನ ಎಣಿಸೋದಿಲ್ಲ."

ಮರುದಿನ ಬೆಳಿಗ್ಗೆ ಮಗಳು ತಾನೇ ಎದ್ದು ಬಂದಳು. ಅಂಗಿ ಮೈಗೆ ಸರಿಯಾಗಿತ್ತು. ಬಾಯಲ್ಲಿ ಹಲ್ಲಿನ ಖಾಲಿ ಜಾಗ. ಹೆಂಡತಿ ಮಗುವನ್ನು ಅಪ್ಪಿಕೊಂಡು ಬಿಡಲೇ ಇಲ್ಲ. ಅವನು ಬಚ್ಚಲಿಗೆ ಹೋಗಿ ನಲ್ಲಿ ಪೂರ್ತಿ ತಿರುಗಿಸಿಟ್ಟು ಅತ್ತ. ಯಜಮಾನನ ಮನೆಯ ವಿಷಯ ಯಾರನ್ನೂ ಕೇಳಲಿಲ್ಲ. ಕೇಳದಿದ್ದರೆ ಅದು ನಡೆದಿಲ್ಲವೆಂದು ಮನಸ್ಸು ನಂಬಿಕೊಂಡಿತ್ತು.

ನಾಲ್ಕನೆಯ ಬೆಳಿಗ್ಗೆ ಯಜಮಾನನೇ ಫೋನು ಮಾಡಿದ. ಚಿನ್ನದ ಬಳೆಯ ಮಾತಾಡಿದ ಗಂಟಲು ಅದಲ್ಲ. ಮೊಮ್ಮಗಳು ಮೂರೇ ದಿನಕ್ಕೆ ಎರಡು ವರ್ಷದ ಕೂಸಿನ ಹಾಗಾಗಿದ್ದಾಳೆ, ತಾತನ ಗುರುತೂ ಹತ್ತುತ್ತಿಲ್ಲ ಎಂದ. ಮನೆ ಗುಡಿಸುವವಳು ಯಾವುದೋ ಗೆರೆಯ ಮಾತು ಹೇಳುತ್ತಿದ್ದಾಳೆ, ನಾನು ಆಸ್ಪತ್ರೆ ಬಿಟ್ಟು ಹೋಗಿ ನೋಡುವ ಹಾಗಿಲ್ಲ ಎಂದ.

"ನೀವು ಮೂಲೆ ಮೂಲೆ ನೋಡಿದವರು. ಆ ಬಾಗಿಲಲ್ಲಿ ಗೆರೆ ಇತ್ತಾ? ನಿಮ್ಮ ಫೋಟೋದಲ್ಲಂತೂ ಏನೂ ಕಾಣ್ತಿಲ್ಲ. ಇದ್ರೆ ಇತ್ತು ಅಂತ ಹೇಳಿಬಿಡಿ, ಹೋಗಿ ಆ ತಾಯಿ ಕಾಲು ಹಿಡ್ಕೋತೀನಿ. ಮಾಡಿದ್ದು ಪಾಪವೇ."

ಹಜಾರದಲ್ಲಿ ಮಗಳು ಸ್ಕೂಲಿಗೆ ಸಿದ್ಧಳಾಗಿ ಕುಂಟುಹೆಜ್ಜೆಯಲ್ಲಿ ಕುಪ್ಪಳಿಸುತ್ತಿದ್ದಳು. ಇತ್ತು ಅಂದರೆ ಅಳಿಸಿದ್ದು ಯಾರು ಎನ್ನುತ್ತಾರೆ. ಆಮೇಲೆ ಹೊಲಿಯುವವಳ ಬಳಿ ಹೋಗುತ್ತಾರೆ. ನಾನು ಒರೆಸು ಅಂದೇ ಇಲ್ಲ ಎನ್ನುತ್ತಾರೆ. ದಾರ ಮತ್ತೆ ಇತ್ತ ಬರುತ್ತದೆ.

"ಇಲ್ಲ ಯಜಮಾನ್ರೇ" ಎಂದ. "ನಾನು ಸರಿಯಾಗಿ ನೋಡಿದ್ದೀನಿ. ಅಲ್ಲಿ ಯಾವ ಗೆರೆನೂ ಇರಲಿಲ್ಲ."

ಆ ತುದಿಯಲ್ಲಿ ಯಾರೋ ಕೂಗಿದರು. ಏನೋ ಬಿತ್ತು. ಯಜಮಾನ ಅಳುತ್ತಿದ್ದಾನೋ ನಗುತ್ತಿದ್ದಾನೋ ತಿಳಿಯಲಿಲ್ಲ. "ಎದ್ದು ಕೂತಳು! ತಾತ ಅಂದಳು... ದೇವರೇ, ಬೆಳೀತಿದ್ದಾಳೆ, ನನ್ನ ಕಣ್ಣೆದುರೇ..."

ಕಮಟು ವಾಸನೆ ಬಂತು. ಸುಟ್ಟ ಕೂದಲು.

"ಪುಟ್ಟಿ" ಎಂದು ಕೂಗಿದ.

"ಬಂದೆ ಅಪ್ಪ."

ಓಡಿ ಬರುವ ಹೆಜ್ಜೆ ಕೇಳಿಸಿತು. ಬೂಟಿನ ಹೆಜ್ಜೆ. ಒಂದು ಬೂಟು ಕಳಚಿ ಬಿತ್ತು. ಇನ್ನೊಂದೂ ಬಿತ್ತು. ಬರಿಗಾಲು. ಹೆಜ್ಜೆ ಸಣ್ಣದಾಯಿತು. ಇನ್ನೂ ಸಣ್ಣದಾಯಿತು. ತಡವರಿಸಿತು. ಗೋಡೆ ಹಿಡಿಯಿತು. ಮತ್ತೆ ಹೆಜ್ಜೆಯೇ ಇಲ್ಲ. ನೆಲದ ಮೇಲೆ ಅಂಗೈ. ಮೊಣಕಾಲು. ಅಂಗೈ. ಮೊಣಕಾಲು. "ಅಪ್ಪ" ಎಂದದ್ದು "ಪಾ" ಎಂದಾಯಿತು. ಮತ್ತೆ ಬರೀ ಉಸಿರು.

ಅವನು ಬಾಗಿಲಿಗೆ ಹಾರಿದ. ಹಜಾರದ ತುಂಬ ಬೆಳಗಿನ ಬಿಸಿಲು. ನೆಲದ ಮೇಲೆ ನೀಲಿ ಸಮವಸ್ತ್ರ ಹರಡಿತ್ತು, ತೋಳುಗಳು ಅವನ ಕಡೆಗೆ ಚಾಚಿದ್ದವು. ಮಂಡಿಯೂರಿ ಅದನ್ನು ಎತ್ತಿ ಎದೆಗವುಚಿಕೊಂಡ.

ಬಟ್ಟೆ ಇನ್ನೂ ಬೆಚ್ಚಗಿತ್ತು.