ಮಹೇಶ ಕಾಕಾ ಕಟ್ಟಿದ ಭಾಷೆ

"ಯಾರೂ ಕೀಬೋರ್ಡ್ ಮುಟ್ಟಬ್ಯಾಡ್ರಿ! ಭಾಷಾ ತಯಾರಾಗ್ಲಿಕತ್ತದ!"

ಮಹೇಶಕುಮಾರ ಕಾಕಾ ಎರಡೂ ಕೈ ಚಾಚಿ ಕಂಪ್ಯೂಟರಿಗೆ ಅಡ್ಡ ನಿಂತ. ಮುಟ್ಟಲು ಯಾರೂ ಬಂದಿರಲಿಲ್ಲ. ಅಕ್ಕು ಪಕ್ಕದ ಸ್ಟೂಲಿನ ಮೇಲೆ ಕೈಕಟ್ಟಿ ಕೂತಿದ್ದಳು. ಅಜ್ಜಿ ಶಿವಬಸವ್ವ ಟೀವಿ ಮುಂದೆ ಕೂತು ಬಟಾಣಿ ಸುಲಿಯುತ್ತಿದ್ದಳು.

"ಯಾವ ಭಾಷಾ?" ಎಂದಳು ಅಜ್ಜಿ. "ಮನ್ಯಾಗ ಕನ್ನಡ ಅದ, ಓಣ್ಯಾಗ ಮರಾಠಿ ಅದ, ಟೀವ್ಯಾಗ ಹಿಂದಿ ಅದ. ಮತ್ತೊಂದು ಯಾಕ ಬೇಕು?"

"ಮಾತಾಡೋ ಭಾಷಾ ಅಲ್ಲವ್ವ. ಕಂಪ್ಯೂಟರಿಗೆ ಕೆಲಸಾ ಹೇಳೋ ಭಾಷಾ. ಲೋಗೋ ಅಂತ."

"ಹೇಳಿದ್ರ ಕೇಳ್ತದೇನು?"

"ಕೇಳ್ತದ."

"ಹಂಗಾದ್ರ ನಿನಗಿಂತ ಪಾಡ ಅದ."

ಕಾಕಾ ಕಂಪ್ಯೂಟರಿನತ್ತ ತಿರುಗಿದ. ದೊಡ್ಡ ಕೆಲಸ ಮಾಡುವವರು ಇಂಥ ಮಾತಿಗೆಲ್ಲ ತಲೆ ಕೆಡಿಸಿಕೊಳ್ಳುವುದಿಲ್ಲ.

ಕಾಕಾ ಅಕ್ಕುವಿನ ಅಪ್ಪನ ತಮ್ಮ. ಆರು ತಿಂಗಳ ಕಂಪ್ಯೂಟರ್ ಕೋರ್ಸಿನಲ್ಲಿ ನಾಲ್ಕು ತಿಂಗಳು ಮುಗಿಸಿದ್ದ. ಉಳಿದ ಎರಡು ತಿಂಗಳಲ್ಲಿ ಕಲಿಯಲು ಇನ್ನೇನಾದರೂ ಬಾಕಿ ಇದೆಯೇ ಎಂಬ ಅನುಮಾನ ಅವನಿಗಿತ್ತು. ಹಡಪಸರದ ಆಫೀಸಿನವರು ಹಳೇ ಕಂಪ್ಯೂಟರ್ ಮಾರಿದಾಗ ಅಪ್ಪ ಅದನ್ನು ಬಿಬವೇವಾಡಿಯ ಮನೆಗೆ ತಂದಿದ್ದ. ಅದರಲ್ಲಿ ವಿಂಡೋಸ್ ಇತ್ತು. "ವಿಂಡೋಸ್ ಎಲ್ಲಾರ ಮನ್ಯಾಗೂ ಇರ್ತದ" ಎಂದು ಕಾಕಾ ಅದನ್ನು ಅಳಿಸಿ, ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದ ಎರಡು ಸಿ.ಡಿ.ಗಳಲ್ಲಿ ಮೊದಲನೆಯದನ್ನು ಬಳಸಿ ಲಿನಕ್ಸ್ ಹಾಕಿದ. ಅಪ್ಪ ದಿನಾ ಸಂಜೆ ಆಡುತ್ತಿದ್ದ ಇಸ್ಪೀಟಿನಾಟವೂ ವಿಂಡೋಸ್ ಜೊತೆಗೇ ಹೋಯಿತು. ಅಂದಿನಿಂದ ಅಪ್ಪ ಭಾನುವಾರ ಮನೆಯಲ್ಲಿ ಕೂರುವುದು ಕಡಿಮೆ.

ಲೋಗೋ ಬೇಕಾಗಿದ್ದು ಅಕ್ಕುವಿಗೆ. ಸ್ಕೂಲಿನ ಕಂಪ್ಯೂಟರ್ ಪಿರಿಯಡ್‌ನಲ್ಲಿ ಲೋಗೋ ಕಲಿಸುತ್ತಿದ್ದರು. ಸ್ಕ್ರೀನಿನ ಮೇಲೆ ಒಂದು ಪುಟ್ಟ ತ್ರಿಕೋನ. ಅದರ ಹೆಸರು ಟರ್ಟಲ್. ಫಾರ್ವರ್ಡ್ ಅಂದರೆ ಮುಂದೆ ಹೋಗುತ್ತದೆ, ರೈಟ್ ಅಂದರೆ ಬಲಕ್ಕೆ ತಿರುಗುತ್ತದೆ, ಹೋದಲ್ಲೆಲ್ಲ ಗೆರೆ ಬಿಡುತ್ತದೆ. ಒಂದು ಕಂಪ್ಯೂಟರಿಗೆ ನಾಲ್ಕು ಮಂದಿ. ಜೋರಾಗಿ ತಳ್ಳುವವರಿಗೆ ಟರ್ಟಲ್ ಸಿಗುತ್ತಿತ್ತು. ಅಕ್ಕುವಿನ ಕ್ಲಾಸಿನ ರಂಜನಾ ತಳ್ಳುತ್ತಿರಲಿಲ್ಲ.

"ನಮ್ಮ ಮನ್ಯಾಗೂ ಲೋಗೋ ಅದ," ಎಂದು ಅಕ್ಕು ಒಂದು ದಿನ ಸುಮ್ಮನೆ ಹೇಳಿಬಿಟ್ಟಿದ್ದಳು. "ನಂಗ ಪೂರಾ ಬರ್ತದ."

ಬೇರೆಯವರು ನಕ್ಕರು. ರಂಜನಾ ನಂಬಿದಳು. ಕಷ್ಟ ಶುರುವಾಗಿದ್ದೇ ಅಲ್ಲಿಂದ.

"ಸಂಡೇ ಬರ್ಲೇನು?" ಎಂದು ಅವಳು ಕೇಳಿದ್ದಳು.

ಇವತ್ತೇ ಆ ಸಂಡೇ.

"ಎಲ್ಲಾರೂ ರೆಡಿಮೇಡ್ ಹಾಕ್ತಾರ," ಎನ್ನುತ್ತಿದ್ದ ಕಾಕಾ. "ನಾವು ಹಂಗಲ್ಲ. ಸೋರ್ಸ್, ಅಂದ್ರ ಬರದಿಟ್ಟ ಕೋಡ್, ತಗೊಂಡು ಮನ್ಯಾಗೇ ಕಟ್ತೀವಿ. ಅಂಗಡಿ ರೊಟ್ಟಿ ಬ್ಯಾರೆ, ಮನಿ ರೊಟ್ಟಿ ಬ್ಯಾರೆ."

"ನೀ ಯಾವಾಗ ರೊಟ್ಟಿ ಬಡದೀಯಪಾ?" ಎಂದಳು ಅಜ್ಜಿ.

ಕಾಕಾ 'ಮೇಕ್', ಅಂದರೆ ಕಟ್ಟು, ಎಂದು ಟೈಪ್ ಮಾಡಿ ಎಂಟರ್ ಒತ್ತಿದ. ಕಪ್ಪು ಸ್ಕ್ರೀನಿನ ಮೇಲೆ ಬಿಳಿ ಸಾಲುಗಳು ಸರಸರ ಓಡಿದವು. ಕಾಕಾ ಕಾಲಮೇಲೆ ಕಾಲು ಹಾಕಿ, ಎಲ್ಲವನ್ನೂ ತಾನೇ ಬರೆದವನಂತೆ ನೋಡಿದ. ಥಟ್ಟನೆ ಸಾಲುಗಳು ನಿಂತವು. ಕಡೆಯ ಸಾಲಿನಲ್ಲಿ 'ಎರರ್ ಒನ್' ಎಂದಿತ್ತು.

"ಕಾಕಾ, ಎರರ್ ಬಂತು."

"ಎರರ್ ಒನ್ ಅಂದ್ರ ಒಂದೇ ಎರರ್. ಸಣ್ಣದು."

ಸಣ್ಣದು ಹೋಗಲಿಲ್ಲ. ಹೀಟ್ ಆಗಿರಬೇಕೆಂದು ಕಾಕಾ ಅಜ್ಜಿಯ ಫ್ಯಾನನ್ನು ಕಂಪ್ಯೂಟರಿಗೆ ತಿರುಗಿಸಿದ. ವೋಲ್ಟೇಜ್ ಕಡಿಮೆ ಎಂದು ಫ್ರಿಜ್ ಬಂದ್ ಮಾಡಿದ. ಧೂಳಿರಬೇಕೆಂದು ಸಿ.ಡಿ.ಯನ್ನು ಬನಿಯನ್ನಿನಿಂದ ಒರೆಸಿದ. ಪ್ರತಿ ಸಲವೂ ಕಂಪ್ಯೂಟರ್ ತಾಳ್ಮೆಯಿಂದ ಅದೇ ಉತ್ತರ ಕೊಟ್ಟಿತು.

"ಕಾಕಾ, ನಿಂಗ ಗೊತ್ತದಲ್ಲಾ?" ಎಂದು ಅಕ್ಕು ಮೆಲ್ಲಗೆ ಕೇಳಿದಳು.

"ಗೊತ್ತಿಲ್ದ ಏನು! ವೈರಸ್ ಇದ್ದೀತು."

ಆಗ ಬಾಗಿಲ ಬೆಲ್ ಆಯಿತು. ರಂಜನಾನೇ ಇರಬೇಕು, ಎಂದುಕೊಂಡಳು ಅಕ್ಕು. ನಾಳೆ ಇಡೀ ಕ್ಲಾಸಿಗೆ ಗೊತ್ತಾಗುತ್ತದೆ!

ಕಾಕಾನಿಗೆ ಕೂಡಲೇ ಉಪಾಯ ಹೊಳೆಯಿತು. ಇಂಥ ವಿಷಯದಲ್ಲಿ ಅವನು ನಿಜಕ್ಕೂ ಚುರುಕು. ಗೋಡೆಯ ಮೇನ್ ಸ್ವಿಚ್ ಕೆಳಗೆಳೆದ. "ಲೈಟ್ ಹೋಗ್ಯಾವ ಅಂತ ಹೇಳು," ಎಂದು ಪಿಸುಗುಟ್ಟಿದ.

"ಅಯ್ಯ! ಆ ಸೊಸಿಗಿ ಈಗ ಖರೆ ಗೊತ್ತಾಗೂದಿತ್ತು!" ಎಂದು ಅಜ್ಜಿ ಧಾರಾವಾಹಿ ನಿಂತು ಕಪ್ಪಾದ ಟೀವಿಯನ್ನು ನೋಡಿ ಕೂಗಿದಳು.

ಅಕ್ಕು ಬಾಗಿಲು ತೆರೆದಳು. ರಂಜನಾ ತಲೆಗೆ ಎಣ್ಣೆ ಹಚ್ಚಿ, ಬಿಗಿಯಾಗಿ ಜಡೆ ಹಾಕಿ, ಹಬ್ಬದ ಫ್ರಾಕ್ ತೊಟ್ಟು ಬಂದಿದ್ದಳು. ಕೈಯಲ್ಲಿ ಮಡಚಿದ ಒಂದು ಕಾಗದ.

"ಲೈಟ್ ಹೋಗ್ಯಾವ," ಎಂದಳು ಅಕ್ಕು.

ರಂಜನಾಳ ತಲೆಯ ಮೇಲೆ, ಮೆಟ್ಟಿಲಿನ ಬಲ್ಬು ಝಗಝಗ ಉರಿಯುತ್ತಿತ್ತು. ಎದುರು ಮನೆಯಲ್ಲಿ ಮಿಕ್ಸರ್ ಗರ್ ಅನ್ನುತ್ತಿತ್ತು. ರಂಜನಾ ಒಮ್ಮೆ ಬಲ್ಬನ್ನು ನೋಡಿದಳು. ಒಮ್ಮೆ ಅಕ್ಕುವನ್ನು ನೋಡಿದಳು.

"ಹೌದಾ?" ಎಂದಳು. "ನಮ್ಮ ಕಡೀನೂ ಭಾಳ ಹೋಗ್ತಾವ." ಬಿಚ್ಚಿದ್ದ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡಳು. "ನಾ ಒಂದು ಮನಿ ಬರಕೊಂಡು ಬಂದಿದ್ದೆ. ಟರ್ಟಲ್ ಕಡಿಂದ ತೆಗಸಬೇಕಂತ. ಇರ್ಲಿ, ಮತ್ತ ಯಾವಾಗರ."

ಅವಳಿಗೆ ಗೊತ್ತಾಗಿದೆ. ಗೊತ್ತಾಗಿಯೂ ಅವಳು ಅಕ್ಕುವಿನ ಸುಳ್ಳಿಗೆ ತನ್ನದೊಂದು ಮಾತಿನ ಆಸರೆ ಕೊಟ್ಟಳು. ಅಕ್ಕುವಿನ ಕಿವಿ ಬಿಸಿಯಾಯಿತು. ರಂಜನಾ ಎರಡು ಮೆಟ್ಟಿಲು ಇಳಿಯುವಷ್ಟರಲ್ಲಿ ಅಕ್ಕು ಒಳಗೆ ಓಡಿ, ಸ್ಟೂಲ್ ಹತ್ತಿ, ಮೇನ್ ಸ್ವಿಚ್ ಮೇಲೆತ್ತಿದಳು. ಟೀವಿ, ಫ್ಯಾನು ಎಲ್ಲ ಒಟ್ಟಿಗೆ ಬೊಬ್ಬೆ ಹೊಡೆದವು.

"ರಂಜೂ! ಲೈಟ್ ಹೋಗಿದ್ದಿಲ್ಲ. ನಮ್ಮ ಮನ್ಯಾಗ ಟರ್ಟಲ್ ಇಲ್ಲ. ಬರಲಿಕ್ಕೇ ಒಲ್ಲದು."

ರಂಜನಾ ತಿರುಗಿ ನಿಂತಳು. "ಬರಲಿಕ್ಕೆ ಒಲ್ಲದು ಅಂದ್ರ? ಏನಂತದ?"

"ಏನೇನೋ ಅಂತದ."

"ನೋಡೋಣೇನು?"

ಕಂಪ್ಯೂಟರ್ ಎದ್ದು, ತನ್ನ ಮೈಯೆಲ್ಲ ತಡವಿ ನೋಡಿಕೊಳ್ಳಲು ಬಹಳ ಹೊತ್ತು ಹಿಡಿಯಿತು. ಕಾಕಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಕ್ಯಾಲೆಂಡರ್ ಓದುತ್ತಿದ್ದ. ಅಕ್ಕು ಕರೆದ ಮೇಲೆ ಬಂದು ಮತ್ತೆ 'ಮೇಕ್' ಒತ್ತಿದ. ಸಾಲುಗಳು ಓಡಿದವು, ನಿಂತವು.

ರಂಜನಾ ಕಡೆಯ ಸಾಲನ್ನು ನೋಡಲಿಲ್ಲ. ಅವಳಿಗೆ ಇಂಗ್ಲಿಷ್ ನಿಧಾನ. ಓದುವುದಾದರೆ ಮೇಲಿನಿಂದಲೇ ಓದಬೇಕು. ಬೆರಳಿಟ್ಟು ಒಂದೊಂದೇ ಪದ ಓದಿದಳು.

"'ನೋ ಸಚ್ ಫೈಲ್.' ಅಂದ್ರ ಒಂದು ಫೈಲ್ ಇಲ್ಲಂತ. ಎಕ್ಸ್ ಇಲೆವೆನ್ ಅಂತ ಏನೋ ಅದ."

"ಎಕ್ಸ್ ಇಲೆವೆನ್?" ಕಾಕಾ ಬಗ್ಗಿ ನೋಡಿದ. "ಅದು ಚಿತ್ರಾ ತೆಗೆಯೂದರ ಸಾಮಾನು. ಎರಡನೇ ಸಿ.ಡಿ.ಯಾಗ ಇರ್ತದ!"

"ಎರಡನೇದು ಎಲ್ಲದ?"

ಕಾಕಾನ ಮುಖ ಇಳಿಯಿತು. ಬೇಡದ ಸಿ.ಡಿ. ಎಂದು ಅದನ್ನು ಅವನೇ ದಾರ ಕಟ್ಟಿ ಬಾಲ್ಕನಿಯಲ್ಲಿ ತೂಗುಬಿಟ್ಟಿದ್ದ, ಪಾರಿವಾಳಗಳು ಹೆದರಲಿ ಎಂದು. ಪಾರಿವಾಳಗಳು ಹೆದರಿರಲಿಲ್ಲ. ಬದಲಿಗೆ ಸಿ.ಡಿ.ಯ ಬಗ್ಗೆ ತಮ್ಮ ಅಭಿಪ್ರಾಯವನ್ನು ಅದರ ಮೇಲೆಯೇ ಬಿಟ್ಟುಹೋಗಿದ್ದವು. ಅಕ್ಕು ಮತ್ತು ರಂಜನಾ ಮೂಗು ಮುಚ್ಚಿಕೊಂಡು ಅದನ್ನು ನಲ್ಲಿಯ ಕೆಳಗೆ ತೊಳೆದರು. ಒರೆಸಿ ಹಾಕಿದರೆ, ಕಂಪ್ಯೂಟರ್ ಬೇಜಾರಿಲ್ಲದೆ ಓದಿಕೊಂಡಿತು.

ಕಾಕಾ ಆ ಫೈಲ್ ಹಾಕಿಕೊಂಡು ಮತ್ತೆ 'ಮೇಕ್' ಒತ್ತಿದ. ಈ ಸಲ ಸಾಲುಗಳು ಓಡಿದವು, ಓಡುತ್ತಲೇ ಇದ್ದವು. ಮೂವರೂ ಉಸಿರು ಬಿಗಿಹಿಡಿದು ನೋಡಿದರು. ಎರರ್ ಬರಲಿಲ್ಲ. ಕಾಕಾ 'ಇನ್‌ಸ್ಟಾಲ್' ಕೊಟ್ಟ. ಆಮೇಲೆ 'ಲೋಗೋ' ಎಂದು ಟೈಪ್ ಮಾಡಿದ. ಒಂದು ಕಿಟಕಿ ತೆರೆಯಿತು. ನಡುವೆ ಪುಟ್ಟ ತ್ರಿಕೋನ.

"ಟರ್ಟಲ್!" ರಂಜನಾ ಚಪ್ಪಾಳೆ ತಟ್ಟಿದಳು.

"ನಾ ಹೇಳಿದ್ದಿಲ್ಲಾ?" ಎಂದ ಕಾಕಾ, ಯಾರೂ ಕೇಳದಿದ್ದರೂ.

ರಂಜನಾ ಕಾಗದ ಬಿಡಿಸಿಟ್ಟು, ಅದರಲ್ಲಿ ಬರೆದಿದ್ದ ಫಾರ್ವರ್ಡ್, ರೈಟ್‌ಗಳನ್ನು ಒಂದು ಬೆರಳಿನಿಂದ ಟೈಪ್ ಮಾಡಿದಳು. ಟರ್ಟಲ್ ಗೋಡೆ ಎತ್ತಿತು. ನಾಲ್ಕೂ ಗೋಡೆ ಸರಿಯಾಗಿ ಕೂಡಿದವು. ಆಮೇಲೆ ಛಾವಣಿಗೆ ಹತ್ತಿತು, ಓರೆಯಾಗಿ ಒಂದು ಗೆರೆ ಎಳೆಯಿತು, ತಿರುಗಿತು, ಎರಡನೇ ಗೆರೆ ಗೋಡೆಗೆ ಬರುವ ಬದಲು ಸೀದಾ ಆಕಾಶಕ್ಕೆ ಹೋಯಿತು.

"ಯಾಕ ಹಿಂಗಾತು?" ರಂಜನಾ ಕೇಳಿದಳು.

ಅಕ್ಕು ಕಾಕಾನನ್ನು ನೋಡಿದಳು. ಕಾಕಾ ಬಾಯಿ ತೆರೆದ. ವೋಲ್ಟೇಜ್ ಬರುತ್ತದೋ ಧೂಳು ಬರುತ್ತದೋ ಎಂದು ಅಕ್ಕು ಕಾದಳು. ಕಾಕಾ ಸುಮ್ಮನೆ ಬಾಯಿ ಮುಚ್ಚಿದ. ಈಗ ರಂಜನಾ ಅಕ್ಕುವನ್ನೇ ನೋಡುತ್ತಿದ್ದಳು. ಲೋಗೋ ಪೂರಾ ಬರುವ ಅಕ್ಕುವನ್ನು.

"ನಂಗೂ ಗೊತ್ತಿಲ್ಲ," ಎಂದಳು ಅಕ್ಕು.

ಯಾರೂ ನಗಲಿಲ್ಲ. ಫ್ಯಾನು ತಿರುಗುತ್ತಲೇ ಇತ್ತು. ಟೀವಿಯ ಸೊಸೆ ಅಳುತ್ತಲೇ ಇದ್ದಳು. ಹೇಳಿದ ಮೇಲೆ ಮಾತು ಇಷ್ಟು ಹಗುರವಾಗಿರುತ್ತದೆಂದು ಅಕ್ಕುವಿಗೆ ಅನಿಸಿರಲಿಲ್ಲ.

ಅವಳು ಸ್ಟೂಲಿನಿಂದ ಇಳಿದು ಹಾಲ್‌ನ ನಡುವೆ ನಿಂತಳು. "ರಂಜೂ, ನಾ ಟರ್ಟಲ್ ಆಗ್ತೀನಿ. ನೀ ಓದು, ನಾ ನಡೀತೀನಿ."

"ಟೀವಿ ಮುಂದ ನಿಂದ್ರಬ್ಯಾಡ!" ಎಂದಳು ಅಜ್ಜಿ.

ಕಾಕಾ ನಡುವೆ ಅಡ್ಡವಿದ್ದ ಟೀಪಾಯಿಯನ್ನು ಗೋಡೆಗೆ ಸರಿಸಿದ.

ರಂಜನಾ ಕಾಗದ ಹಿಡಿದು ಓದಿದಳು. ಅಕ್ಕು ಫರಸಿ ನೆಲದ ಮೇಲೆ ಹೆಜ್ಜೆ ಹಾಕಿದಳು, ತಿರುಗಿದಳು, ಮತ್ತೆ ನಡೆದಳು. ಛಾವಣಿಯ ತುದಿ ಬಂದಾಗ ನಿಂತು ಅತ್ತಿತ್ತ ನೋಡಿದಳು. ರಂಜನಾ ಹೇಳಿದಷ್ಟು ತಿರುಗಿದರೆ ಬಾಲ್ಕನಿಗೆ ಹೋಗುತ್ತಿದ್ದಳು. ಮನೆ ಇದ್ದದ್ದು ಅವಳ ಹಿಂದೆ, ರಂಜನಾ ನಿಂತ ಕಡೆ.

"ಇನ್ನೂ ಹೊಳ್ಳಬೇಕು," ಎಂದಳು ಅಕ್ಕು. ನಿಂತಲ್ಲೇ, ನಿಧಾನವಾಗಿ, ರಂಜನಾಳ ಮುಖ ಕಾಣುವವರೆಗೆ ತಿರುಗಿದಳು.