ರೇಮಂಡ್ ಮಾವನ ಬಾಗಿಲು

“ನಮ್ಮ ರೇಮಂಡ್ ಮಾವನ ಮನೇಲಿ ಸಾವಿರ ರೂಮಿದೆ. ಈ ತುದಿಯಿಂದ ಆ ತುದಿಗೆ ಹೋಗ್ಬೇಕಂದ್ರೆ ಬಸ್ ಹಿಡೀಬೇಕು,” ಎಂದಳು ಜೋಸೆಟ್.

ಅವಳ ಕ್ಲಾಸಿನ ಡಾರ್ಸಿ ಸ್ಯಾಂಡ್‌ವಿಚ್ ಅಗಿಯುವುದನ್ನು ನಿಲ್ಲಿಸಿದ. “ಬ್ರಿಡ್ಜ್ ಕೆಳಗೆ ಮಲಗ್ತಿದ್ನಲ್ಲ, ಅದೇ ಮಾವನಾ?”

“ಅವನೇ. ಈಗ ಅವನದು ಅರಮನೆ.”

“ಹಾಗಾದ್ರೆ ನಾಳೆ ಬೆಳಿಗ್ಗೆ ನಾನೂ ಬರ್ತೀನಿ. ನೋಡೇ ಬಿಡೋಣ.”

ಬುರುಡೆ ಬಿಡುವುದರಲ್ಲಿ ಇಡೀ ವಿನಿಪೆಗ್ ಊರಿನಲ್ಲೇ ಜೋಸೆಟ್‌ಳನ್ನು ಮೀರಿಸುವವರಿಲ್ಲ. ಆ ಊರಿನ ಚಳಿಯಾದರೂ ಎಂಥದ್ದು ಅಂತೀರಿ? ಆಡಿದ ಮಾತು ಗಡ್ಡೆಕಟ್ಟಿ ಟಣ್ಣೆಂದು ನೆಲಕ್ಕೆ ಬೀಳುತ್ತದೆ. ಏನು ಹೇಳಿದರೆಂದು ತಿಳಿಯಲು ಬೇಸಿಗೆಯವರೆಗೆ ಕಾಯಬೇಕು. ಅಂಥ ಚಳಿಯಲ್ಲೂ ಅವಳ ಬುರುಡೆ ಮಾತ್ರ ಬಿಸಿಬಿಸಿಯಾಗಿಯೇ ಹೊರಡುತ್ತಿತ್ತು.

ಆದರೆ ಅವಳಿಗೊಂದು ಭಯವಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಮಾವನ ತಲೆಯೊಳಗೆ ಯಾರೋ ಗದರಿಸುತ್ತಲೇ ಇರುತ್ತಾರೆ. ಅದೊಂದು ಕಾಯಿಲೆ. ಅದರಿಂದಾಗಿ ಅವನು ವರ್ಷಗಟ್ಟಲೆ ಬೀದಿಯಲ್ಲಿ, ಮನೆಯಿಲ್ಲದವರು ರಾತ್ರಿ ತಂಗುವ ಶೆಲ್ಟರ್‌ಗಳಲ್ಲಿ ಮಲಗಿದ್ದ. ಇಂಥವರಿಗೆ ಮನೆ ಹುಡುಕಿಕೊಡುವುದೇ ಬೆವ್ ಅವರ ಕೆಲಸ. “ಮೊದಲು ಮನೆ, ಮಿಕ್ಕಿದ್ದೆಲ್ಲ ಆಮೇಲೆ,” ಎಂದು ಅವರು ಮಾವನಿಗೂ ದೊಡ್ಡ ಕಟ್ಟಡವೊಂದರ ಮಹಡಿಯಲ್ಲಿ ಒಂದು ಮನೆ ಕೊಡಿಸಿದ್ದರು.

ಶೆಲ್ಟರಿನಲ್ಲಿ ಬೆಳಿಗ್ಗೆ ಏಳಕ್ಕೆ ಎಲ್ಲರನ್ನೂ ಹೊರಗೆ ಕಳಿಸುತ್ತಾರೆ. ಮಾವ ಹೊಸ ಮನೆಯಲ್ಲೂ ಏಳಕ್ಕೆ ಸರಿಯಾಗಿ ಚೀಲ ಕಟ್ಟಿ, ಬೂಟು ಹಾಕಿಕೊಂಡು ಕಾರಿಡಾರಿನಲ್ಲಿ ನಿಂತಿರುತ್ತಿದ್ದ.

“ಯಾರು ಮಾವ ಹೊರಗೆ ಹಾಕಿದ್ದು?”

“ಏಳಾಯ್ತಲ್ಲೇ. ಹೊರಡ್ಬೇಕು.”

ಹೀಗೆ ಹೊರಟವನು ಒಂದು ದಿನ ತಿರುಗಿ ಬರದೇ ಹೋದರೆ?

ಬೆವ್ ಹತ್ತಿರ ಆ ಮನೆಯ ಇನ್ನೊಂದು ಕೀ ಇತ್ತು. ಆದರೂ ಅವರು ಬಾಗಿಲು ತಟ್ಟಿ ಕಾಯುತ್ತಿದ್ದರು.

“ಕೀ ಇದೆಯಲ್ಲ, ತೆಗೀಬಹುದಲ್ಲ?” ಎಂದು ಜೋಸೆಟ್ ಕೇಳಿದ್ದಳು.

“ಮನೆ ಅವನದಲ್ವಾ ಪುಟ್ಟಿ? ಅವನು ಬಾ ಅಂದ್ರೆ ತಾನೇ ನಾನು ಹೋಗೋದು?”

ಅಂದಿನಿಂದ ಜೋಸೆಟ್ ಸ್ಕೂಲಿಗೆ ಹೋಗುವಾಗ ದಿನಾ ಮಾವನನ್ನು ಒಳಗೆ ತಳ್ಳಿ, ಬಾಗಿಲೆಳೆದು, ತಾನು ಹೊರಗೆ ನಿಂತು ತಟ್ಟತೊಡಗಿದಳು.

“ಒಳಗೆ ಬರ್ಲಾ?”

“ಬಾ, ಬಾ,” ಎಂದು ಮಾವ ಗಡಬಡಿಸಿ ಬಾಗಿಲು ತೆಗೆಯುತ್ತಿದ್ದ.

“ಬೇಡ ಅಂತಾನೂ ಹೇಳ್ಬಹುದು ಮಾವ.”

“ಅಯ್ಯೋ, ಹಾಗೆಲ್ಲ ಅಂದ್ರೆ ಬೈತಾರೆ ಕಣೇ.”

ಮರುದಿನ ಡಾರ್ಸಿಯ ಜೊತೆ ಮೆಟ್ಟಿಲು ಹತ್ತಿದರೆ ಕಾರಿಡಾರ್ ಖಾಲಿ. ಚೀಲವಿಲ್ಲ, ಮಾವನಿಲ್ಲ. ಜೋಸೆಟ್‌ಳ ಎದೆ ಎಷ್ಟು ಜೋರಾಗಿ ಬಡಿದುಕೊಂಡಿತೆಂದರೆ ಕಟ್ಟಡದ ಕಿಟಕಿಗಳೆಲ್ಲ ಗಡಗಡ ಅದುರಿದವು. ಬಾಗಿಲು ತಟ್ಟಿದಳು. ಸದ್ದಿಲ್ಲ. ಮತ್ತೆ ತಟ್ಟಿದಳು.

“ಯಾರದು?” ಒಳಗಿನಿಂದ ನಿದ್ದೆ ತುಂಬಿದ ದನಿ.

“ನಾನು ಮಾವ. ಒಳಗೆ ಬರ್ಲಾ?”

ಅವಳು ಬಾಗಿಲಿಗೆ ಕಿವಿಯಿಟ್ಟಳು.

“ಬೇಡ. ನಿದ್ದೆ ಬರ್ತಿದೆ. ಸಂಜೆ ಬಾ.”

ಮಂಚ ಕಿರ್ರೆಂದಿತು. ಮಾವ ಮಗ್ಗುಲು ಬದಲಿಸಿದ್ದ.

ಜೋಸೆಟ್ ಮೆಟ್ಟಿಲುಗಳನ್ನು ಹಾರಿ ಹಾರಿ ಇಳಿದಳು. ಅವಳ ಕಾಲು ನೆಲಕ್ಕೆ ತಾಗಲೇ ಇಲ್ಲ. ಡಾರ್ಸಿ ಏದುಸಿರು ಬಿಡುತ್ತಾ ಹಿಂದೆ ಬಂದ.

“ನಿನ್ನನ್ನೇ ಒಳಗೆ ಬಿಡ್ಲಿಲ್ಲ, ಹಲ್ಲು ಕಿರೀತಿದ್ದೀಯಲ್ಲೇ. ನಿಜ ಹೇಳು, ಒಳಗೆ ಎಷ್ಟು ರೂಮಿದೆ?”

ಅವಳು ತಲೆಯೆತ್ತಿ ನೋಡಿದಳು. ಮಾವನ ಕಿಟಕಿಯ ಪರದೆ ಇನ್ನೂ ಮುಚ್ಚಿಯೇ ಇತ್ತು.

“ಸಾವಿರ ಅಂದಿದ್ದು ಸುಳ್ಳು ಕಣೋ. ಇರೋದು ಒಂದೇ, ಅದೂ ಚಿಕ್ಕದು,” ಎಂದಳು. “ಮಾವ ಬೇಡ ಅಂದ್ರೆ ನಾನೂ ಒಳಗೆ ಹೋಗೋ ಹಾಗಿಲ್ಲ.”