ನೋಡುತ್ತಿದ್ದವನಿಗೆ ಕಂಡದ್ದು

"ಅಯ್ಯೋ, ಹೋಯ್ತಲ್ಲೋ! ಕಣ್ಣೇನು ದಡದಲ್ಲೇ ಬಿಟ್ಟು ಬಂದ್ಯಾ?"

ಚುಕ್ಕಾಣಿ ಹಿಡಿದಿದ್ದ ತಿಯೊ ತುರಿಂಗ್ ಕೂಗಿದ್ದೇ ತಡ, ದೋಣಿಗೆ ದೋಣಿಯೇ ಕತ್ತೆತ್ತಿ ಕಂಬದತ್ತ ನೋಡಿತು.

ಬಿದಿರುಕಂಬದ ತುದಿಯಲ್ಲಿ ಕೂತು, ಮೀನು ಕಂಡೊಡನೆ ಕೈ ಎತ್ತಿ ತೋರಿಸುವುದು ನಿಲೊನ ಕೆಲಸ. ದೊನ್ಸೋಲಿನ ಕಡಲಲ್ಲಿ ಬುತಾಂದಿಂಗ್ ಅನ್ನುವ ದೈತ್ಯ ಸಾಧು ಶಾರ್ಕ್ ಮೀನಿನ ನೆರಳನ್ನು ಅವನಷ್ಟು ದೂರದಿಂದ ಗುರುತಿಸುವವರಿಲ್ಲ. ಆರು ವರ್ಷದಲ್ಲಿ ಒಂದೂ ತಪ್ಪಿಸಿಕೊಂಡಿರಲಿಲ್ಲ. ಇವತ್ತು ಬಸ್ಸಿನಷ್ಟು ದೊಡ್ಡ ಮೀನು ಪಕ್ಕದಲ್ಲೇ ಹಾದುಹೋಯಿತು... ಅವನು ಕೈಯನ್ನೇ ಎತ್ತಲಿಲ್ಲ!

ಮಯುಮಿಯ ಕಣ್ಣು ತುಂಬಿತು. ಇವತ್ತು ಅವಳ ಗೈಡ್ ಪರೀಕ್ಷೆ, ಮೂರನೆಯ ಸಲ, ಕೊನೆಯ ಸಲ. ಮೀನು ಸಿಕ್ಕರೆ ತಾನೇ ದೋಣಿಯಲ್ಲಿದ್ದ ಪ್ರವಾಸಿಗರನ್ನು ನೀರಿಗಿಳಿಸಿ ತೋರಿಸುವುದು?

ದೋಣಿಯಲ್ಲೇ ಕೂತಿದ್ದ ಪರೀಕ್ಷಕಿ ಬೆಳಿಗ್ಗೆ ಕೇಳಿದ್ದ ಇಂಗ್ಲಿಷ್ ಪ್ರಶ್ನೆಗೂ ಅವಳು ತಡವರಿಸಿದ್ದಳು. "ಲುಕ್ ಅಂದ್ರೂ ನೋಡೋದು, ಸೀ ಅಂದ್ರೂ ನೋಡೋದು... ಏನಮ್ಮ ವ್ಯತ್ಯಾಸ? ದಡ ಮುಟ್ಟೋದ್ರೊಳಗೆ ಹೇಳು," ಅಂದಿದ್ದರು ಮೇಡಂ.

ಮಯುಮಿ ಕಂಬದ ಬುಡಕ್ಕೆ ಬಂದು ನಿಂತಳು.

"ಬೇಕಂತಲೇ ಸುಮ್ಮನಿದ್ದೆ ಅಲ್ವಾ? ಗೈಡ್ ಕೆಲಸ ಅಪಾಯ, ನಿನಗ್ಯಾಕೆ ಅಂದವನು ನೀನೇ ತಾನೇ!"

"ಇಲ್ಲ ಮಯುಮಿ..."

"ಮತ್ತಿನ್ನೇನು? ನೀರು ಬಿಟ್ಟು ಬೇರೆ ಏನನ್ನಾದ್ರೂ ನೋಡೋ ಮನುಷ್ಯನಾ ನೀನು?"

ನಿಲೊ ಕಂಬದ ಮೇಲಿಂದಲೇ ಕೆಳಗೆ ಬಗ್ಗಿದ.

"ನೋಡ್ತಾ ಇದ್ದದ್ದು ನೀರನ್ನೇ, ದೇವರಾಣೆ. ಆದ್ರೆ... ಕಂಡದ್ದು ನೀನು. ಭಯಕ್ಕೆ ಎರಡು ಸಲ ಗಂಟು ತಪ್ಪಿಸ್ದೆ. ಆದ್ರೂ ಆ ಅಜ್ಜಿಗೆ ನಗ್ತಾ ನಗ್ತಾ ಲೈಫ್ ಜಾಕೆಟ್ ಕಟ್ತಿದ್ದೆ. ಆಮೇಲೆ ನಂಗೆ ಕಡಲೇ ಕಾಣ್ಲಿಲ್ಲ."

'ಇವನು... ನನ್ನನ್ನಾ?' ಮಯುಮಿ ಕಂಬವನ್ನೇ ಗಟ್ಟಿಯಾಗಿ ಹಿಡಿದುಕೊಂಡಳು.

"ಥೂ ಹುಚ್ಚಪ್ಪ! ಇಂಥದ್ದನ್ನ ಕಂಬದ ಮೇಲಿಂದ ಹೇಳ್ತಾರೇನೋ!" ಅಂದರು ತಿಯೊ.

ಅಷ್ಟರಲ್ಲಿ ನಿಲೊನ ಕೈ ಎದ್ದಿತು. "ಎಡಗಡೆ! ಬರ್ತಿದೆ!"

ಯೋಚಿಸಲು ಹೊತ್ತಿರಲಿಲ್ಲ. ಜನರನ್ನು ಕರೆದುಕೊಂಡು ಮಯುಮಿ ನೀರಿಗೆ ಧುಮುಕಿದಳು.

ಮೊದಲು ಬರೀ ಹಸಿರು ಮಬ್ಬು. ಆಮೇಲೆ ಆ ಮಬ್ಬೇ ಮೈತಳೆದು ಬಂದಂತೆ... ಅಬ್ಬಾ! ಬೆನ್ನ ತುಂಬ ಬಿಳಿ ಚುಕ್ಕಿ. ಆಕಾಶವೊಂದು ದಾರಿ ತಪ್ಪಿ ನೀರಿಗೆ ಬಂದು, ಯಾವ ಅವಸರವೂ ಇಲ್ಲದೆ ಈಜುತ್ತಿರುವ ಹಾಗೆ! ನಾಣ್ಯದಷ್ಟು ಪುಟ್ಟ ಕಣ್ಣೊಂದು ಅವಳ ಮುಂದೆಯೇ ಹಾದುಹೋಯಿತು. ಎಷ್ಟೋ ಸಲ ದೋಣಿಯಿಂದ ನೋಡಿದ್ದ ಮೀನು. ಕಂಡದ್ದು ಇವತ್ತೇ.

ನೀರಿನಿಂದೆದ್ದ ಅಜ್ಜಿ ಸಂತೋಷಕ್ಕೆ ಅಳುತ್ತಿದ್ದಳು. ಮಯುಮಿ ದೋಣಿಯ ಅಂಚು ಹಿಡಿದು ಏದುಸಿರಿನಲ್ಲೇ ಹೇಳಿದಳು:

"ಮೇಡಂ, ಲುಕ್ ಅನ್ನೋದು ನಮ್ಮ ಕೈಲಿದೆ. ಸೀ ಅನ್ನೋದು... ಒಲಿದು ಬರಬೇಕು."

ಮೇಡಂ ಅವಳನ್ನೊಮ್ಮೆ, ಕಂಬವನ್ನೊಮ್ಮೆ ನೋಡಿ, ನಗು ಅದುಮಿಕೊಂಡು ಹಾಳೆಯ ಮೇಲೆ ಗೀಟು ಹಾಕಿದರು. "ಪಾಸ್."

ಮಯುಮಿ ಕತ್ತೆತ್ತಿದಳು. "ನಿಲೊ... ಈಗ ಏನು ಕಾಣ್ತಿದೆ?"

"ಆಗ ಕಂಡದ್ದೇ."

"ಹಾಗಾದ್ರೆ ಇಳಿದು ಬಾ."

"ದಡ ಸೇರೋವರೆಗೂ ಕಂಬ ಖಾಲಿ ಬಿಡೋ ಹಾಗಿಲ್ಲ ಕಣೇ..."

"ಬರ್ತೀಯೋ, ಇಲ್ವೋ?"

ಅವನು ಸರ್ರನೆ ಜಾರಿ ಬಂದು ಅವಳ ಒದ್ದೆ ಕೈ ಹಿಡಿದ.

ಖಾಲಿ ಕಂಬ ಅಲೆಗೆ ತೂಗುತ್ತಿತ್ತು. ತಿಯೊ ತುರಿಂಗ್ ಗೊಣಗುತ್ತಾ ಚುಕ್ಕಾಣಿಯನ್ನು ಮೇಡಂ ಕೈಗೆ ಕೊಟ್ಟು, ಲುಂಗಿ ಎತ್ತಿ ಕಟ್ಟಿ, ತಾವೇ ಕಂಬ ಹತ್ತತೊಡಗಿದರು.